ವಾಟ್ ಮಾತ್ರವಲ್ಲ, ಬೇರಿಂಗನ್ನೂ ಕೇಳೋಣ

ಮಿಕ್ಸರ್ ಕೊಳ್ಳುವಾಗ ನಾವು ಹೋಟೆಲಿನವರು ಎಷ್ಟು ವಾಟ್ ಎಂದು ಕೇಳುತ್ತೇವೆ, ಬೇರಿಂಗ್ ಯಾವುದೆಂದು ಕೇಳುವುದಿಲ್ಲ. ಡೊಂಬಿವಲಿಯ ನಮ್ಮ ಸಣ್ಣ ಹೋಟೆಲುಗಳಲ್ಲಿ ಚಟ್ನಿ ಅರೆಯಲು ಮನೆಬಳಕೆಯ ಮಿಕ್ಸರನ್ನೇ ದುಡಿಸುವುದುಂಟು. ಅದರ ಮೋಟಾರು ನಿಮಿಷಕ್ಕೆ ಸುಮಾರು 18,000 ಸುತ್ತು ತಿರುಗುತ್ತದೆ. ಅಗ್ಗದ ಮಿಕ್ಸರುಗಳಲ್ಲಿ ಶಾಫ್ಟನ್ನು ಹಿಡಿದಿರುವುದು ಎಣ್ಣೆ ಹೀರಿದ ಕಂಚಿನ ಬುಷ್. ಜಾರಿನಿಂದ ಸೋರಿದ ನೀರು ಅಲ್ಲಿಗಿಳಿದರೆ ಎಣ್ಣೆ ತೊಳೆದುಹೋಗಿ ಬುಷ್ ಸವೆಯುತ್ತದೆ, ಶಾಫ್ಟ್ ಅಲುಗಾಡುತ್ತದೆ. ಕೊನೆಗೆ ಆರ್ಮೇಚರ್ ಉಜ್ಜಿ ಮೋಟಾರೇ ಸುಡುತ್ತದೆ. ಬುಷ್ ಬದಲಿಸುವ ಖರ್ಚು ಅಲ್ಪ. ಮೋಟಾರು ಸುಟ್ಟರೆ ಖರ್ಚು ಹಲವು ಪಟ್ಟು, ಬೆಳಗಿನ ವ್ಯಾಪಾರದ ನಷ್ಟ ಬೇರೆ.

ಆದ್ದರಿಂದ ಮೋಟಾರು ಕಿರುಗುಟ್ಟಿದ ದಿನವೇ ರಿಪೇರಿಗೆ ಕೊಡೋಣ. ಅಡುಗೆ ಎಣ್ಣೆ ಬಿಟ್ಟು ದಿನ ದೂಡುವುದು ಬೇಡ, ಅದು ಅಂಟಾಗುತ್ತದೆ. ಹೊಸದಕ್ಕೆ ರಬ್ಬರ್ ಸೀಲಿನ ಬಾಲ್ ಬೇರಿಂಗೇ ಬೇಕೆಂದು ಪಟ್ಟು ಹಿಡಿಯೋಣ. ಗಿರಾಕಿ ಕೇಳದೆ ತಯಾರಕರು ಕೊಡುವರೇ?