ಅರ್ಥಶಾಸ್ತ್ರದ ಪಾಠಕ್ಕೆ ಅಡತಿಯ ಪಟ್ಟಿ

ದಾಲ್‌ಮಿಲ್ಲಿನಲ್ಲಿ ಹಮಾಲಿ ಮಾಡುವ ನಮ್ಮ ಓದುಗರೊಬ್ಬರ ಮಗ ಬಿ.ಎ. ಎರಡನೆಯ ವರ್ಷದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದಾನೆ. ಈಚೆಗೆ ತಂದೆಯ ಸಂಗಡ ನಮ್ಮ ಕಚೇರಿಗೆ ಬಂದಿದ್ದ. ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂದರೆ ಏನಪ್ಪಾ ಎಂದು ಕೇಳಿದೆವು. ವ್ಯಾಖ್ಯೆ, ಪ್ರಕಾರಗಳು, ಚಹಾ-ಕಾಫಿಯ ಉದಾಹರಣೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ. ಜೇವರ್ಗಿ ತಾಲೂಕಿನಲ್ಲಿರುವ ಅವನ ಸೋದರಮಾವ ರಾಶಿ ಮಾಡಿದ ವಾರದಲ್ಲಿಯೇ ತೊಗರಿ ಮಾರಿದ್ದು ಏಕೆ, ಎರಡು ತಿಂಗಳು ತಡೆಯಲು ಅವನಿಗೆ ಏಕೆ ಆಗಲಿಲ್ಲ ಎಂದು ಕೇಳಿದಾಗ ಹುಡುಗ ತಲೆ ಕೆರೆದುಕೊಂಡು, “ಅದು ಸಿಲೆಬಸ್‌ದಾಗ ಇಲ್ರಿ ಕಾಕಾ” ಎಂದ. ತಂದೆ ನಕ್ಕರು. ನಮಗೆ ನಗು ಬರಲಿಲ್ಲ.

ಹುಡುಗನದು ತಪ್ಪಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಕಾಲೇಜುಗಳಲ್ಲಿ ಅರ್ಥಶಾಸ್ತ್ರಕ್ಕೆ ಕುಳಿತುಕೊಳ್ಳುವವರು ಒಕ್ಕಲಿಗರ, ಹಮಾಲರ, ಕಿರಾಣಿ ಅಂಗಡಿಯವರ ಮಕ್ಕಳು. ಬೆಲೆ, ಬಡ್ಡಿ, ಕೂಲಿ ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವರು. ಅವರಿಗೆ ನೋಟ್ಸ್ ಬರೆಸಲಾಗುತ್ತದೆ. ಪರೀಕ್ಷೆಯ ಹಿಂದಿನ ವಾರ ಗೈಡು ಬರುತ್ತದೆ. 2021ರಲ್ಲಿ ಪದವಿಯನ್ನು ನಾಲ್ಕು ವರ್ಷಕ್ಕೆ ಎಳೆದರು, 2024ರಲ್ಲಿ ಮತ್ತೆ ಮೂರಕ್ಕೆ ತಂದರು. ನೋಟ್ಸ್ ಬರೆಸುವ ಪದ್ಧತಿ ಮಾತ್ರ ಅಲುಗಾಡಲಿಲ್ಲ. ‘ಇತರ ಸಂಗತಿಗಳು ಸ್ಥಿರವಾಗಿದ್ದಾಗ’ ಎಂದು ಪುಸ್ತಕದಲ್ಲಿ ಪ್ರತಿ ನಿಯಮಕ್ಕೂ ಬಾಲ ಕಟ್ಟಿರುತ್ತದೆ. ಜೇವರ್ಗಿಯ ಎರೆಭೂಮಿಯಲ್ಲಿ ಮಳೆಯಾಗಲಿ ಧಾರಣೆಯಾಗಲಿ ಯಾವ ವರ್ಷ ಸ್ಥಿರವಾಗಿದ್ದವು?

ಇದಕ್ಕೆ ಬೇರೆ ದಾರಿ ಇಲ್ಲವೆಂದಲ್ಲ. ಅಮೇರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಚೇಂಬರ್ಲಿನ್ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿಯೇ ಪೇಟೆ ಹೂಡುತ್ತಿದ್ದರು. ಅರ್ಧ ವಿದ್ಯಾರ್ಥಿಗಳು ಮಾರುವವರು, ಅರ್ಧ ಕೊಳ್ಳುವವರು. ಪ್ರತಿಯೊಬ್ಬನ ಕೈಯಲ್ಲಿ ಗುಟ್ಟಿನ ಒಂದು ಚೀಟಿ: ಇದಕ್ಕಿಂತ ಕಡಿಮೆಗೆ ಮಾರಬೇಡ, ಅಥವಾ ಇದಕ್ಕಿಂತ ಹೆಚ್ಚು ಕೊಡಬೇಡ. ಹುಡುಗರು ಓಡಾಡಿ ಇಬ್ಬಿಬ್ಬರಾಗಿ ವ್ಯವಹಾರ ಕುದುರಿಸುತ್ತಿದ್ದರು. ಪುಸ್ತಕ ಹೇಳಿದ ಬೆಲೆ ಅಲ್ಲಿ ಬರುವದಿಲ್ಲ ಎಂದು ಅವರು 1948ರಲ್ಲಿ ಬರೆದರು. ಆ ತರಗತಿಯಲ್ಲಿ ಕುಳಿತಿದ್ದ ವರ್ನನ್ ಸ್ಮಿತ್ 1956ರಲ್ಲಿ ತಾವೇ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವಾಗ ಆಟವನ್ನು ಕೊಂಚ ತಿರುಗಿಸಿದರು. ಎಲ್ಲರ ಕೂಗು ಎಲ್ಲರಿಗೂ ಕೇಳಬೇಕು, ಆಟ ಹಲವು ಸುತ್ತು ನಡೆಯಬೇಕು. ಆಗ ಬೆಲೆಯು ಬೇಡಿಕೆ-ಪೂರೈಕೆ ಕೂಡುವ ಬಿಂದುವಿನ ಹತ್ತಿರ ಬಂದು ನಿಂತಿತು. ಈ ದಾರಿಯ ಕೆಲಸಕ್ಕಾಗಿ 2002ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಎಲ್ಲರಿಗೂ ಕೇಳುವಂತೆ ಸವಾಲು ಕೂಗುವದು ನಮ್ಮ ಪೇಟೆಯವರಿಗೆ ಹೊಸದಲ್ಲ. ನೊಬೆಲ್ ಮಾತ್ರ ಇಲ್ಲಿಯವರೆಗೆ ಯಾವ ಅಡತಿಗೂ ಬಂದಿಲ್ಲ.

ಈ ಆಟಕ್ಕೆ ಬೇಕಾಗುವದು ನಲವತ್ತು ಚೀಟಿ, ಒಂದು ಹಲಗೆ, ಒಂದು ತಾಸು. ಆದರೆ ಅದನ್ನು ಇದ್ದಂತೆಯೇ ಇಲ್ಲಿಗೆ ತಂದರೆ ಅರ್ಧ ಪಾಠವೇ ಆದೀತು. ಪೇಟೆ ತಾನಾಗಿಯೇ ಸರಿಬೆಲೆ ಹುಡುಕಿಕೊಳ್ಳುತ್ತದೆ ಎಂದು ನಂಬಿ ಹುಡುಗರು ಮನೆಗೆ ಹೋದಾರು. ಆದುದರಿಂದ ನಮ್ಮ ಸೂಚನೆ ಇಷ್ಟು: ಮಾರುವವರ ಚೀಟಿಗಳಲ್ಲಿ ನಾಲ್ಕಕ್ಕೆ ಕೆಂಪು ಗುರುತು ಹಾಕಿರಿ. ‘ಬೀಜ ಗೊಬ್ಬರಕ್ಕೆ ತಂದ ಮುಂಗಡ ಇಂದೇ ತೀರಿಸಬೇಕು, ಮೊದಲ ಸುತ್ತಿನಲ್ಲಿಯೇ ಮಾರು’ ಎಂದು ಬರೆಯಿರಿ. ಕೊಳ್ಳುವವರಿಗೆ ಇದು ತಿಳಿದಿರಲಿ. ಅವರು ಕೈ ಕಟ್ಟಿ ಕುಳಿತು ತಡ ಮಾಡುವದನ್ನು ಹುಡುಗರು ಕಣ್ಣಾರೆ ಕಾಣಲಿ. ಇನ್ನೊಂದು ಸುತ್ತಿನಲ್ಲಿ ಕೊಳ್ಳುವವರನ್ನು ಇಬ್ಬರಿಗೇ ಇಳಿಸಿರಿ. ಮತ್ತೊಂದರ ನಡುವೆ ಬಾಗಿಲಿನಿಂದ ದಿಲ್ಲಿಯ ಚೀಟಿ ಬರಲಿ: ‘ಆಫ್ರಿಕದ ತೊಗರಿ ಬಂದರಿಗೆ ಮುಟ್ಟಿತು.’ ಆಮೇಲೆ ಪೂರೈಕೆಯ ರೇಖೆಯನ್ನು ಹಲಗೆಯ ಮೇಲೆ ಎಳೆಯಿರಿ. ಆ ರೇಖೆಯ ಮೇಲೆ ತಡೆಯಬಲ್ಲವರು ಎಲ್ಲಿ, ತಡೆಯಲಾರದವರು ಎಲ್ಲಿ ಎಂದು ಕೇಳಿರಿ. ಸೋದರಮಾವನ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.

ಅಂಕಿಗಳಿಗೂ ಕೊರತೆಯಿಲ್ಲ. 2015ರಲ್ಲಿ ಬೇಳೆ ಕಿಲೋಕ್ಕೆ 200 ರೂಪಾಯಿಯ ಹತ್ತಿರ ಹೋಯಿತು. ಮರುವರ್ಷ ಎಲ್ಲರೂ ತೊಗರಿ ಬಿತ್ತಿದರು. ಸರಕಾರ ಮೊಜಾಂಬಿಕ್ ದೇಶದೊಡನೆ ಬೇಳೆಕಾಳು ತರುವ ಒಪ್ಪಂದ ಮಾಡಿಕೊಂಡಿತು. 2016-17ರಲ್ಲಿ ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲಿಗೆ 5,050, ಪೇಟೆಯ ಧಾರಣೆ ಅದಕ್ಕಿಂತ ಕೆಳಗೆ. 2021ರ ಮೇ ತಿಂಗಳಿನಿಂದ ತೊಗರಿಯ ಆಮದಿಗೆ ಬಾಗಿಲು ತೆರೆದು, ಆ ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂದರು. 2022ರಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆರೋಗ ಬಿದ್ದಿತು. ಮುಂದೆ ಧಾರಣೆ 10,000 ದಾಟಿತು. 2025ರ ಆರಂಭಕ್ಕೆ ಅದು ಬೆಂಬಲ ಬೆಲೆಯಾದ 7,550ರ ಕೆಳಗೆ ಜಾರಿ, ರಾಜ್ಯ ಸರಕಾರ 450 ಕೂಡಿಸಬೇಕಾಯಿತು. ಪುಸ್ತಕದಲ್ಲಿ ‘ಜೇಡರ ಬಲೆಯ ಸಿದ್ಧಾಂತ’ ಎಂಬುದೊಂದಿದೆ: ಈ ವರ್ಷದ ಬೆಲೆ ನೋಡಿ ಬರುವ ವರ್ಷ ಬಿತ್ತುವವರು ಏರಿಳಿತದಲ್ಲಿ ಸಿಕ್ಕಿಬೀಳುತ್ತಾರೆ ಎಂದು. ಮೇಲಿನ ಅಂಕಿಗಳನ್ನು ಹಲಗೆಯ ಮೇಲೆ ಬರೆದು, ಬಲೆಯಲ್ಲಿ ರೈತ ನೇಯ್ದ ಎಳೆ ಎಷ್ಟು, ದಿಲ್ಲಿಯವರು ನೇಯ್ದದ್ದು ಎಷ್ಟು ಎಂದು ವಾದಿಸಲು ಬಿಡಿರಿ. ಆಳಂದ ಕಡೆಯ ಹುಡುಗನಿದ್ದರೆ ಗಡಿಯಾಚೆಯ ದುಧನಿ ಪೇಟೆಯ ಧಾರಣೆಯನ್ನೂ ತರುತ್ತಾನೆ.

ಅಫಜಲಪುರದಲ್ಲಿ ಪಾಠ ಕಬ್ಬಿನದು. 2025-26ಕ್ಕೆ ಕೇಂದ್ರ ಗೊತ್ತು ಮಾಡಿದ ದರ, ಶೇಕಡಾ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಕಡಿಯುವ ಸಾಗಿಸುವ ಖರ್ಚು ಅದರಲ್ಲಿಯೇ ಹೋಗುತ್ತದೆ. ಹಣವನ್ನು 14 ದಿವಸದೊಳಗೆ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆ ಹೇಳುತ್ತದೆ. ಇಳುವರಿಯನ್ನು ಅಳೆಯುವವರು ಯಾರು, ಅಳತೆಯನ್ನು ಪರೀಕ್ಷಿಸುವವರು ಯಾರು? ಒಂದು ಪಕ್ಷಕ್ಕೆ ಗೊತ್ತಿದ್ದು ಇನ್ನೊಂದಕ್ಕೆ ಗೊತ್ತಿಲ್ಲದ ಪೇಟೆಯ ಬಗೆಗೆ ಎಂ.ಎ. ತರಗತಿಯಲ್ಲಿ ದೊಡ್ಡ ಹೆಸರಿನ ಪಾಠವಿದೆ. ಭೀಮಾ ತೀರದ ಹುಡುಗನಿಗೆ ಅದನ್ನು ಬಿ.ಎ. ಮೊದಲ ವರ್ಷದಲ್ಲಿಯೇ ಹೇಳಬಹುದು.

ಇನ್ನು ಸರಾಸರಿಯ ಮಾತು. 1963ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಸರಕಾರದ ಲೆಕ್ಕ ಹದಿನೈದು ಆಣೆ. ಒಂದು ಇಡೀ ದೇಶದ ಸರಾಸರಿ, ಇನ್ನೊಂದು ಕೆಳಗಿನವರ ಲೆಕ್ಕ. ತರಗತಿಯಲ್ಲಿ ಇದನ್ನು ಹೀಗೆ ತೋರಿಸಬಹುದು: ಇಪ್ಪತ್ತು ಮಂದಿ ಹೆಸರು ಹಾಕದೆ ತಮ್ಮ ಮನೆಯ ನಿನ್ನೆಯ ಖರ್ಚು ಬರೆದು ಕೊಡಲಿ, ಸರಾಸರಿ ತೆಗೆಯಲಿ. ಆಮೇಲೆ ದೊಡ್ಡ ಗುತ್ತಿಗೆದಾರನೊಬ್ಬನ ಮನೆಯ ಖರ್ಚನ್ನು ಊಹಿಸಿ ಕೂಡಿಸಲಿ. ಯಾರ ಗಂಗಾಳದಲ್ಲಿಯೂ ಒಂದು ರೊಟ್ಟಿ ಹೆಚ್ಚಾಗದೆ ಸರಾಸರಿ ಮಾತ್ರ ಜಿಗಿಯುತ್ತದೆ.

ಅದೇ ರೀತಿ, 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 35 ಸೂಚಕಗಳಿಂದ ರಾಜ್ಯದ ತಾಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದಿತು. ಅತ್ಯಂತ ಹಿಂದುಳಿದ 39ರ ಯಾದಿಯಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಇದ್ದವು. ನಂಜುಂಡಪ್ಪನವರು ಸ್ವತಃ ಅರ್ಥಶಾಸ್ತ್ರದ ಮೇಷ್ಟ್ರು. ಅವರ ಪದ್ಧತಿಯಲ್ಲಿಯೇ ಐದಾರು ಸೂಚಕ ಹಿಡಿದು ತಮ್ಮ ಹಳ್ಳಿಯನ್ನೂ ನೆರೆಯ ಹಳ್ಳಿಯನ್ನೂ ವಿದ್ಯಾರ್ಥಿಗಳು ಅಳೆಯಲಿ. ರಸ್ತೆಗೆ ಎಷ್ಟು ತೂಕ ಕೊಡಬೇಕು, ಹೆಣ್ಣುಮಕ್ಕಳ ಶಾಲೆಗೆ ಎಷ್ಟು ಎಂದು ಜಗಳ ಬಿದ್ದರೆ ಪಾಠ ತಲೆಗೆ ಹತ್ತಿತೆಂದೇ ಅರ್ಥ.

ಇದೆಲ್ಲ ಮಾಡಿದರೆ ಪೋರ್ಶನ್ ಮುಗಿಯುವದಿಲ್ಲ, ಪರೀಕ್ಷೆಯಲ್ಲಿ ಇದನ್ನು ಕೇಳುವದಿಲ್ಲ ಎಂದು ಅಧ್ಯಾಪಕರು ಹೇಳುತ್ತಾರೆ. ಮಾತು ಸುಳ್ಳಲ್ಲ. ವರ್ಷವರ್ಷಕ್ಕೆ ನೇಮಕದ ದಾರಿ ಕಾಯುವ ಅತಿಥಿ ಉಪನ್ಯಾಸಕರಿಗೆ ಹೊಸ ಪ್ರಯೋಗ ಮಾಡು ಎನ್ನುವದು ನಮಗೂ ಸುಲಭವಲ್ಲ. ಪ್ರಶ್ನೆಪತ್ರಿಕೆ ಬದಲಾಗಬೇಕು, ಆ ಹೊಣೆ ವಿಶ್ವವಿದ್ಯಾಲಯದ್ದು. ಆದರೆ ವಾರಕ್ಕೆ ಒಂದು ತಾಸು ಯಾರ ಅಪ್ಪಣೆಯೂ ಇಲ್ಲದೆ ಸಿಗಬಹುದು.

ನಮ್ಮ ಓದುಗರಿಗೂ ಇದರಲ್ಲಿ ಕೆಲಸವಿದೆ. ನೂರು ಕಿಲೋ ತೊಗರಿಗೆ 70ರಿಂದ 75 ಕಿಲೋ ಬೇಳೆ ಇಳಿಯುತ್ತದೆ ಎಂಬುದನ್ನು ದಾಲ್‌ಮಿಲ್ಲಿನ ಕೆಲಸಗಾರ ಬಲ್ಲ. 72 ಕಿಲೋ ಎಂದು ಹಿಡಿಯಿರಿ. ತೊಗರಿ 7,500 ಇದ್ದರೆ ಕಿಲೋ ಬೇಳೆಯಲ್ಲಿ ಕಾಳಿನ ಬೆಲೆಯೇ 104 ರೂಪಾಯಿ. ಹೊಟ್ಟು ನುಚ್ಚಿನಿಂದ ಎಷ್ಟು ಹಿಂದೆ ಬರುತ್ತದೆ, ಕರೆಂಟು, ಚೀಲ, ಲಾರಿ, ಬಡ್ಡಿಗೆ ಎಷ್ಟು, ಕೂಲಿಗೆ ಎಷ್ಟು? ಈ ಲೆಕ್ಕ ಹೇಳಲು ಅವನನ್ನೇ ತರಗತಿಗೆ ಕರೆಯಬಾರದೇಕೆ? ಮುಚ್ಚಿಹೋದ ಎಂ.ಎಸ್.ಕೆ. ಮಿಲ್ಲಿನಲ್ಲಿ ದುಡಿದ ಹಿರಿಯರನ್ನು ಕರೆದರೆ ನಿರುದ್ಯೋಗದ ಪ್ರಕಾರಗಳನ್ನು ಬಾಯಿಪಾಠ ಮಾಡಿಸಬೇಕಾಗುವದಿಲ್ಲ. ಅಂಗಡಿಕಾರರು ಹೆಸರು ಮುಚ್ಚಿ ಒಂದು ತಿಂಗಳ ಉದ್ರಿ ವಹಿಯನ್ನು ತೋರಿಸಲಿ.

ಹಾಗೆಯೇ ಹಳೆಯ ಪಟ್ಟಿಗಳು. ಆ ಹುಡುಗನಿಗೆ ಆ ದಿನ ಒಂದು ಅಡತಿ ಪಟ್ಟಿ ಕೊಟ್ಟು ಓದಿಸಿದೆವು. ಒಟ್ಟು ಮೊತ್ತ, ಅದರಲ್ಲಿ ತೂಕದ ಖರ್ಚು, ಹಮಾಲಿ, ಮುಂಗಡ, ಬಡ್ಡಿ ಮುರಿದು ಕೈಗೆ ಬಂದದ್ದು ಇಷ್ಟು. ಹಮಾಲಿಯ ಸಾಲಿನ ಮೇಲೆ ಬೆರಳಿಟ್ಟು ತಂದೆಯ ಮುಖ ನೋಡಿದ. ಚೀಲಕ್ಕೆ ಎಷ್ಟು ಬೀಳುತ್ತದೆ ಎಂದು ತಾನೇ ಭಾಗಿಸತೊಡಗಿದ.

ಅಂಥ ಪಟ್ಟಿಗಳನ್ನು ರದ್ದಿಗೆ ಹಾಕಬೇಡಿರಿ. ಹೆಸರು ಕತ್ತರಿಸಿ, ವರ್ಷ ಮಾತ್ರ ಉಳಿಸಿ ನಮ್ಮ ಕಚೇರಿಗೆ ಮುಟ್ಟಿಸಿರಿ. ಮೂರು ತಾಲೂಕುಗಳ ಯಾವ ಅಧ್ಯಾಪಕರು ಕೇಳಿದರೂ ಕಟ್ಟು ಕಟ್ಟಿ ಕೊಡುತ್ತೇವೆ.