ಲ್ಯಾಟಿನ್ ಭಾಷೆಯೂ ಗ್ರಹಫಲ ಗ್ರಂಥಗಳೂ

ಪಾಶ್ಚಾತ್ಯರ ಜ್ಯೋತಿಷವನ್ನು ಇಂಗ್ಲಿಷ್ ಸಂಗ್ರಹಗಳ ಮೂಲಕ ಓದಿದ ಕೆಲವರು, ಅದರ ಮೂಲಗ್ರಂಥಗಳನ್ನು ನೋಡುವುದಕ್ಕಾಗಿ ನಡುವಯಸ್ಸು ಕಳೆದ ಮೇಲೆ ಲ್ಯಾಟಿನ್ ಕಲಿಯಬಹುದೇ ಎಂದು ಕೇಳುವುದುಂಟು. ಧಾರಾಳವಾಗಿ ಕಲಿಯಬಹುದು. ಬಾಲ್ಯದಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದವರಿಗಂತೂ ಅರ್ಧ ದಾರಿ ಸವೆದಂತೆಯೇ ಸರಿ.

ಮೊದಲು ಗ್ರಂಥಗಳ ವಿಚಾರ. ಕ್ರಿಸ್ತಶಕ ಒಂದನೆಯ ಶತಮಾನದ ಮನೀಲಿಯಸ್ ಎಂಬ ರೋಮನ್ ಕವಿಯು 5 ಭಾಗಗಳ ಜ್ಯೋತಿಷಕಾವ್ಯವನ್ನು ರಚಿಸಿದನು. ನಾಲ್ಕನೆಯ ಶತಮಾನದ ಫಿರ್ಮಿಕಸ್ ಮಾಟರ್ನಸನ 'ಮಾಥೇಸಿಸ್' 8 ಭಾಗಗಳ ಗದ್ಯ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ವಿದ್ವಾಂಸರು ಅರಬ್ಬೀ ಗ್ರಂಥಗಳನ್ನು ಲ್ಯಾಟಿನ್ನಿಗೆ ತಿರುಗಿಸಿದರು. ಟಾಲೆಮಿಯ ಗ್ರೀಕ್ ಕೃತಿಯೂ 1138ರಲ್ಲಿ ಅರಬ್ಬಿಯ ಮೂಲಕವೇ ಲ್ಯಾಟಿನ್ನಿಗೆ ಬಂದಿತು. ಹದಿಮೂರನೆಯ ಶತಮಾನದ ಇಟಲಿಯ ಗೀದೋ ಬೊನಾಟ್ಟಿಯ ಬೃಹದ್ಗ್ರಂಥವು 1491ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅಚ್ಚಾಯಿತು. ಹೊಸಬರು ಕಾವ್ಯಕ್ಕೆ ಕೈಹಾಕದೆ ಬೊನಾಟ್ಟಿಯ ಸರಳ ಗದ್ಯದಿಂದ ತೊಡಗುವುದು ಲೇಸು.

ಇನ್ನು ವ್ಯಾಕರಣ. ಸಂಸ್ಕೃತದಂತೆ ಲಿಂಗಗಳು ಮೂರು, ದ್ವಿವಚನವಿಲ್ಲ. ವಿಭಕ್ತಿಗಳು ಸಂಬೋಧನೆಯೂ ಸೇರಿ ಆರು. ಕೊನೆಯದೊಂದೇ ನಮ್ಮ ತೃತೀಯಾ, ಪಂಚಮೀ, ಸಪ್ತಮಿಗಳ ಹೊರೆಯನ್ನೆಲ್ಲ ಹೊರುವುದು. ಸಂಧಿ ಬಿಡಿಸುವ ಶ್ರಮವಿಲ್ಲ. 'ಲೆಯೋ ಎಸ್ತ್ ದೊಮುಸ್ ಸೋಲಿಸ್' ಎಂದರೆ 'ಸಿಂಹವು ಸೂರ್ಯನ ಮನೆ'. ಇಲ್ಲಿಯ 'ಎಸ್ತ್' ನಮ್ಮ 'ಅಸ್ತಿ'ಯ ಸೋದರ, 'ಸೋಲಿಸ್' ಷಷ್ಠೀ. 'ಲೂನಾ ಕ್ರೆಸ್ಕೆಂತೆ' ಎಂದರೆ 'ಚಂದ್ರನು ವೃದ್ಧಿಸುತ್ತಿರಲು'. ನಮ್ಮ ಸತಿಸಪ್ತಮಿಯೇ ವೇಷ ಬದಲಿಸಿ ಬಂದಿದೆ. ಗ್ರಹಗಳ, ರಾಶಿಗಳ ಹೆಸರುಗಳನ್ನೂ ನಾಮಪದದ ಮೊದಲ ಮೂರು ವರ್ಗಗಳ ರೂಪಗಳನ್ನೂ 'ಇರು' ಧಾತುವಿನ ರೂಪಗಳನ್ನೂ ಕಲಿತು, ದಿನಕ್ಕೆ ಎರಡು ಮೂರು ಪಂಕ್ತಿಗಳಿಗೆ ಅನ್ವಯ ಬರೆದರೆ ಗ್ರಂಥವು ತಾನಾಗಿ ಬಾಯಿ ಬಿಡುತ್ತದೆ.

ಆದರೆ ತೊಡಕುಗಳೂ ಉಂಟು. 'ದೊಮುಸ್' ಎಂಬ ಒಂದೇ ಪದವು ಒಮ್ಮೆ ಗ್ರಹದ ಸ್ವಕ್ಷೇತ್ರವನ್ನು, ಒಮ್ಮೆ ಲಗ್ನದಿಂದ ಎಣಿಸಿದ ಭಾವವನ್ನು ಹೇಳುತ್ತದೆ. 'ಮಾಥೆಮಾಟಿಕುಸ್' ಎಂದರೆ ರೋಮನರಲ್ಲಿ ಅನೇಕ ವೇಳೆ ಗಣಿತಜ್ಞನಲ್ಲ, ಜೋಯಿಸನು. ಹಳೆಯ ಮುದ್ರಣಗಳಲ್ಲಿ ಅಕ್ಷರದ ಮೇಲೆ ಗೆರೆ ಎಳೆದು ಪದಗಳನ್ನು ಮೊಟಕುಗೊಳಿಸಿರುವುದರಿಂದ, ಮೊದಮೊದಲು ಪ್ರತಿ ಸಾಲಿನಲ್ಲಿಯೂ ಎಡವಬೇಕಾದೀತು.

ಎಲ್ಲಕ್ಕಿಂತ ಎಚ್ಚರ ಬೇಕಾದುದು 'ನಿಸಿ' ಎಂಬ ಪುಟ್ಟ ಅವ್ಯಯದಲ್ಲಿ. 'ಹಾಗೆ ಇಲ್ಲದಿದ್ದರೆ' ಎಂದು ಅದರ ತಾತ್ಪರ್ಯ. ಸಪ್ತಮಾಧಿಪತಿಗೆ ದೋಷವನ್ನು ಹೇಳಿದ ವಾಕ್ಯದ ತುದಿಯಲ್ಲಿ 'ಗುರುವಿನ ದೃಷ್ಟಿ ಇಲ್ಲದಿದ್ದರೆ' ಎಂದು ಸೇರಿದ್ದರೆ, ಶಾಸ್ತ್ರಕಾರನು ಅನಿಷ್ಟಕ್ಕೆ ಒಂದು ಬಾಗಿಲು ತೆರೆದಿಟ್ಟನೆಂದೇ ಅರ್ಥ. ಸಂಗ್ರಹಕಾರನು ಆ ತುದಿಯನ್ನು ಕತ್ತರಿಸಿದರೆ ಉಳಿಯುವುದು ಅನಿಷ್ಟವೊಂದೇ. ಅದನ್ನು ನಂಬಿದ ಹಿರಿಯರು ಒಳ್ಳೆಯ ಸಂಬಂಧವನ್ನು ತಳ್ಳಿಬಿಟ್ಟರೆ, ನಷ್ಟವು ಪುಸ್ತಕಕ್ಕಲ್ಲ, ಮನೆಯ ಹೆಣ್ಣುಮಗಳಿಗೆ.

ಇನ್ನೊಂದು ಮಾತು. ಅವರ ಮೇಷಾದಿ ಗಣನೆ ಸಾಯನ, ನಮ್ಮದು ನಿರಯನ. ಇಂದು ಎರಡಕ್ಕೂ ಸುಮಾರು 24 ಅಂಶಗಳ ಅಂತರ. ಅವರ ಫಲವನ್ನು ನಮ್ಮ ಪಂಚಾಂಗದ ಕುಂಡಲಿಗೆ ತಂದು ಅಂಟಿಸುವುದು ಒಬ್ಬನ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದಂತೆ.

ಗ್ರಹಗಳು ಫಲ ಕೊಡುತ್ತವೆಯೋ ಇಲ್ಲವೋ ಎಂಬ ವಾದವನ್ನು ನಾವಿಲ್ಲಿ ಎತ್ತುವುದಿಲ್ಲ. ನಂಬುವವನಾಗಲಿ ನಗುವವನಾಗಲಿ, ಗ್ರಂಥವು ನಿಜವಾಗಿ ಏನು ಹೇಳಿತೆಂಬುದನ್ನು ಮೊದಲು ತಿಳಿಯಲಿ. ಪರರ ಬಾಯಿಂದ ಕೇಳಿದುದನ್ನು ಶಾಸ್ತ್ರವೆಂದು ಮನೆಯವರ ಮುಂದೆ ಸಾರುವುದಕ್ಕಿಂತ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪಂಕ್ತಿಯನ್ನು ತುದಿಮುಟ್ಟ ಓದುವುದು ಮೇಲು.