ವೀರಗಲ್ಲು ಡೇರಿಯ ದಾರಿಯಲ್ಲಿರಲಿ



ಹಳೆಯ ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳನ್ನು ನೀವು ನೋಡಿರುತ್ತೀರಿ. ಹೆಚ್ಚಿನವುಗಳಲ್ಲಿ ಮೂರು ಅಂತಸ್ತಿನ ಕೆತ್ತನೆ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಇವುಗಳಲ್ಲಿ ಎಷ್ಟೋ ಕಲ್ಲುಗಳು ‘ತುರುಗೋಳ್’ನಲ್ಲಿ ಮಡಿದವರದ್ದು. ಅಂದರೆ, ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರಿಗೆ ಅಡ್ಡನಿಂತು ಪ್ರಾಣ ಕೊಟ್ಟವರದ್ದು. ಕೆಲವು ಕಲ್ಲುಗಳಲ್ಲಿ ಆ ಹಸುಗಳನ್ನೂ ಕೆತ್ತಿದ್ದಾರೆ.

ಇಂದು ಗಡಿ ಕಾಯುವವರೂ ನಮ್ಮಂಥ ಹಳ್ಳಿಗಳ ಮಕ್ಕಳೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಸಿಕ್ಕಿಕೊಂಡರು. ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಜೀವ ಹಿಡಿದಿದ್ದರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಮಡಿದ ಸಿಆರ್‌ಪಿಎಫ್ ಯೋಧರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಒಬ್ಬರು.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಬೃಹತ್ ವೀರಗಲ್ಲು ಇದೆ, ಹುತಾತ್ಮರ ಹೆಸರುಗಳ ಕೆತ್ತನೆಯೂ ಇದೆ. ಒಳ್ಳೆಯದೇ. ಆದರೆ ದೂರದ ಹಳ್ಳಿಯ ತಾಯಿ ಅಲ್ಲಿಗೆ ಹೋಗಿ ಮಗನ ಹೆಸರು ಮುಟ್ಟಿ ಬರಬೇಕೆಂದರೆ, ಆ ದಿನ ಎರಡು ಹೊತ್ತು ಹಾಲು ಕರೆಯುವವರು ಯಾರು?

ಆದ್ದರಿಂದ ನನ್ನ ಮಾತು ಇಷ್ಟೇ: ಊರಿನ ಯೋಧರ ಕಲ್ಲು ಊರಿನಲ್ಲೇ ಇರಲಿ, ಅದೂ ಹಾಲಿನ ಡೇರಿಯ ದಾರಿಯಲ್ಲಿ. ಬೇಲಿ ಹಾಕಿ, ಬೀಗ ಜಡಿದು, ಆಗಸ್ಟ್ 15ಕ್ಕೆ ಮಾತ್ರ ಹಾರ ಹಾಕುವ ಸ್ಮಾರಕ ವರ್ಷವಿಡೀ ಕಳೆ ಬೆಳೆಯುವ ಜಾಗವಾಗುತ್ತದೆ. ಡೇರಿಗಾದರೆ ನಾವು ಬೆಳಗ್ಗೆ, ಸಂಜೆ ಬರುತ್ತೇವೆ. ಮಕ್ಕಳೂ ಕ್ಯಾನ್ ಹಿಡಿದು ಬರುತ್ತಾರೆ, ಹೆಸರು ಓದುತ್ತಾರೆ, ಯಾರೆಂದು ಕೇಳುತ್ತಾರೆ.

“ಸಗಣಿ, ಗಂಜಲದ ನಡುವೆ ಸ್ಮಾರಕವೇ?” ಎಂದು ಕೆಲವರು ಮೂಗು ಮುರಿಯಬಹುದು. ಹಸುಗಳಿಗಾಗಿ ಸತ್ತವನ ಕಲ್ಲಿನಲ್ಲೇ ಹಸುವನ್ನು ಕೆತ್ತಿದ ನಾಡು ನಮ್ಮದು. ದನ ಹಾಯುವ ದಾರಿ ವೀರನಿಗೆ ಅಗೌರವವಲ್ಲ, ಮರೆತುಬಿಡುವುದು ಅಗೌರವ.

ದೊಡ್ಡ ಕಮಾನು, ಪ್ರತಿಮೆ ಬೇಕಿಲ್ಲ. ದಾನಿಗಳ ಹೆಸರು ಯೋಧನ ಹೆಸರಿಗಿಂತ ದೊಡ್ಡದಾಗುವುದಂತೂ ಬೇಡವೇ ಬೇಡ. ಹೆಸರು, ದಳ, ಮಡಿದ ಸ್ಥಳ, ದಿನಾಂಕ ಇದ್ದರೆ ಸಾಕು. ಕೆತ್ತುವ ಮೊದಲು ಮನೆಯವರಿಗೆ ತೋರಿಸಿ. ತಂದೆಯ ಹೆಸರಿನ ಪಕ್ಕ ತಾಯಿಯ ಹೆಸರೂ ಇರಲಿ.

ಇನ್ನೊಂದು ಮಾತು. ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಯಲ್ಲೂ ಮರುದಿನ ಬೆಳಗ್ಗೆ ಹಸು ಕೂಗುತ್ತದೆ, ಯಾರಾದರೂ ಕರೆಯಲೇಬೇಕು. ಆ ಹೊತ್ತಿಗೆ ನೆರೆಯವರಾದ ನಾವು ಆ ಕೊಟ್ಟಿಗೆಯಲ್ಲಿರಬೇಕು. ಕಲ್ಲು ನಿಲ್ಲಿಸುವ ಮೊದಲು ಮಾಡಬೇಕಾದ ಗೌರವ ಅದು.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ನೀವೇ ಎತ್ತಿ. ಕಲ್ಲು ತೊಳೆಯುವ ಸರದಿ ನಮಗಿರಲಿ.